ರಾತ್ರಿ ಎರಡೂವರೆಯ ಹಸಿವು: ಗರ್ಭಿಣಿಯ ಊಟದ ಹೊತ್ತು ಮತ್ತು ಮೈಯೊಳಗಿನ ಗಡಿಯಾರ

ರಾತ್ರಿ ಎರಡೂವರೆ. ಏಳನೇ ತಿಂಗಳ ಗರ್ಭಿಣಿಯೊಬ್ಬಳಿಗೆ ಎಚ್ಚರವಾಗಿದೆ. ಬಾತ್‌ರೂಮಿಗೆ ಹೋಗಿ ಬಂದು ಮತ್ತೆ ಮಲಗಿದ್ದಾಳೆ. ನಿದ್ದೆ ಹತ್ತುತ್ತಿಲ್ಲ. ಹೊಟ್ಟೆ ಚುರುಗುಟ್ಟುತ್ತಿದೆ. ಕೊನೆಗೆ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದಾಳೆ. ತಿನ್ನಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಸಂಜೆಯಷ್ಟೇ ಮೊಬೈಲಿನಲ್ಲಿ ಓದಿದ್ದು ನೆನಪಾಗುತ್ತಿದೆ: ರಾತ್ರಿ ತಿಂದರೆ ಶುಗರ್ ಏರುತ್ತದೆ, ದೇಹದ ಗಡಿಯಾರ ಹದಗೆಡುತ್ತದೆ. ಮನೆಯ ಹಿರಿಯರು ಹೇಳಿದ್ದು ಬೇರೆ: ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಹಸಿದಿರಬಾರದು.

ಎರಡು ಮಾತೂ ನಿಜವೇ. ಒಂದು ಸುಳ್ಳಾಗಿದ್ದರೆ ಈ ಲೇಖನ ನಾಲ್ಕು ಸಾಲಿಗೆ ಮುಗಿಯುತ್ತಿತ್ತು.

ಒಂದು ಗಡಿಯಾರ ಅಲ್ಲ, ಹಲವು

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೆರಾನ್ ಮುಟ್ಟಿದರೆ ಮುನಿ ಜಾತಿಯ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಹಗಲಾದಾಗ ಎಲೆ ಬಿಚ್ಚುತ್ತಿತ್ತು, ರಾತ್ರಿಯಾದಾಗ ಮುಚ್ಚುತ್ತಿತ್ತು. ಹೊತ್ತಿನ ಲೆಕ್ಕ ಗಿಡದ ಒಳಗೇ ಇತ್ತು.

ನಮ್ಮೊಳಗೂ ಅದು ಇದೆ. ಎರಡು ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟುವ ಜಾಗವಿದೆಯಲ್ಲ, ಅದರ ಮೇಲೆಯೇ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದು ಕೂತಿದೆ. ಬೆಳಕೇ ತೋರಿಸದಿದ್ದರೂ ಅದು ದಿನವನ್ನು ಎಣಿಸುತ್ತಲೇ ಇರುತ್ತದೆ. ಅದರ ದಿನ ಮಾತ್ರ 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಉದ್ದ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಆ ಹೆಚ್ಚುವರಿ ನಿಮಿಷಗಳನ್ನು ತಿದ್ದಿಕೊಳ್ಳುತ್ತದೆ.

ಎಣಿಸುವುದು ಹೇಗೆ ಅಂದರೆ, ಜೀವಕೋಶದಲ್ಲಿ ಒಂದು ಜೀನ್ ಪ್ರೋಟೀನ್ ತಯಾರಿಸುತ್ತದೆ. ಪ್ರೋಟೀನ್ ಸಾಕಷ್ಟು ಸೇರಿದ ಮೇಲೆ ಅದು ವಾಪಸ್ ಬಂದು ತನ್ನನ್ನು ಹುಟ್ಟಿಸಿದ ಜೀನನ್ನೇ ನಿಲ್ಲಿಸುತ್ತದೆ. ಟ್ಯಾಂಕ್ ತುಂಬಿದಾಗ ನೀರು ತಾನಾಗಿ ನಿಲ್ಲುವ ಹಾಗೆ. ಆಮೇಲೆ ಪ್ರೋಟೀನ್ ನಿಧಾನಕ್ಕೆ ಕರಗುತ್ತದೆ, ಜೀನ್ ಮತ್ತೆ ಕೆಲಸ ಶುರು ಮಾಡುತ್ತದೆ. ಈ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ. ಹಣ್ಣಿನ ನೊಣಗಳಲ್ಲಿ ಇದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಊಟಕ್ಕೆ ಸಂಬಂಧಿಸಿದ್ದು ಇನ್ನು ಮುಂದಿನದು. ಇದೇ ಯಂತ್ರ ಲಿವರ್, ಪ್ಯಾಂಕ್ರಿಯಾಸ್, ಕರುಳು, ಕೊಬ್ಬು ಎಲ್ಲದರ ಜೀವಕೋಶಗಳಲ್ಲೂ ಇದೆ. ಮಿದುಳಿನ ಗಡಿಯಾರ ಬೆಳಕು ನೋಡಿ ಹೊತ್ತು ತಿಳಿಯುತ್ತದೆ. ಲಿವರ್‌ಗೆ ಕಣ್ಣಿಲ್ಲ. ಅದಕ್ಕೆ ಊಟ ಬಂದಾಗಲೇ ಹಗಲು.

ಬ್ರಿಟನ್ನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಹತ್ತು ಗಂಡಸರಿಗೆ ಮೂರೂ ಹೊತ್ತಿನ ಊಟವನ್ನು ಐದೈದು ಗಂಟೆ ತಡ ಮಾಡಿ ಕೊಟ್ಟರು. ನಿದ್ದೆ, ಬೆಳಕು ಬದಲಾಗಲಿಲ್ಲ. ಆರು ದಿನ ಹೀಗೆ ಉಂಡ ಮೇಲೆ ಅವರ ರಕ್ತದ ಸಕ್ಕರೆಯ ಏರಿಳಿತ ಐದೂವರೆ ಗಂಟೆಗಿಂತ ಜಾಸ್ತಿ ತಡವಾಗಿತ್ತು. ಆದರೆ ರಾತ್ರಿಯ ಹಾರ್ಮೋನ್ ಆದ ಮೆಲಟೋನಿನ್ ತನ್ನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅಂದರೆ ಒಂದೇ ಮೈಯಲ್ಲಿ ಮಿದುಳು ರಾತ್ರಿಯಾಯಿತು ಅನ್ನುತ್ತಿದೆ, ಸಕ್ಕರೆಯ ಲೆಕ್ಕ ನೋಡುವ ಅಂಗಗಳು ಇನ್ನೂ ಸಂಜೆಯಲ್ಲೇ ಇವೆ. ತಡರಾತ್ರಿಯ ಊಟದ ಬಗ್ಗೆ ಇಷ್ಟೊಂದು ಮಾತು ಕೇಳಿಬರುವುದು ಈ ತಾಳ ತಪ್ಪುವಿಕೆಯ ಕಾರಣಕ್ಕೆ.

ಇನ್ನೊಂದು ಕಾರಣವೂ ಇದೆ. ಮಲಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ ಮೆಲಟೋನಿನ್ ಏರಲು ಶುರುವಾಗುತ್ತದೆ. ಅದು ಇನ್ಸುಲಿನ್ ಸುರಿಸುವ ಕೋಶಗಳನ್ನು ಸ್ವಲ್ಪ ತಣ್ಣಗಾಗಿಸುತ್ತದೆ. ಅದಕ್ಕೇ ಮಧ್ಯಾಹ್ನಕ್ಕಿಂತ ರಾತ್ರಿ ಹನ್ನೊಂದಕ್ಕೆ ಉಂಡ ಅದೇ ತಟ್ಟೆ ಊಟ ರಕ್ತದಲ್ಲಿ ಸಕ್ಕರೆಯನ್ನು ಜಾಸ್ತಿ ಏರಿಸುತ್ತದೆ, ಜಾಸ್ತಿ ಹೊತ್ತು ಉಳಿಸುತ್ತದೆ.

ಇಲ್ಲಿವರೆಗೆ ಹೇಳಿದ್ದೆಲ್ಲ ಯಾರಿಗಾದರೂ ಹೊಂದುತ್ತದೆ. ಹೊಟ್ಟೆಯಲ್ಲಿ ಮಗು ಬಂದ ಮೇಲೆ ಲೆಕ್ಕ ಬೇರೆ.

ಮಾಸು ಮಾಡುವ ಚಮತ್ಕಾರ

ಮಗುವಿಗೆ ಮುಖ್ಯ ಆಹಾರ ಗ್ಲೂಕೋಸ್. ಅದು ತಾಯಿಯ ರಕ್ತದಿಂದ ಮಾಸಿನ (ಪ್ಲಾಸೆಂಟಾ) ಮೂಲಕ ದಾಟುತ್ತದೆ. ತಾಯಿಯ ರಕ್ತದಲ್ಲಿ ಎಷ್ಟು ಹೆಚ್ಚಿದ್ದರೆ ಅಷ್ಟು ಹೆಚ್ಚು ಆ ಕಡೆಗೆ ಹರಿಯುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಮಗು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳಬೇಕು.

ಮಾಸು ಸುಮ್ನೆ ಜಾಲರಿಯ ಹಾಗೆ ಕೂತಿರುವುದಿಲ್ಲ. ಅದು ತನ್ನದೇ ಹಾರ್ಮೋನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಐದನೇ ತಿಂಗಳು ದಾಟುತ್ತಿದ್ದಂತೆ ಇವುಗಳ ಒತ್ತಡಕ್ಕೆ ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಮಾತು ನಡೆಯುವುದು ಕಡಿಮೆಯಾಗುತ್ತ ಬರುತ್ತದೆ. ದಿನ ತುಂಬುವ ಹೊತ್ತಿಗೆ ಅದರ ಪರಿಣಾಮ ಅರ್ಧಕ್ಕೆ ಇಳಿದಿರುತ್ತದೆ. ಅದನ್ನು ಸರಿದೂಗಿಸಲು ಪ್ಯಾಂಕ್ರಿಯಾಸ್ ಎರಡು ಪಟ್ಟಿಗೂ ಮೀರಿ ಇನ್ಸುಲಿನ್ ಸುರಿಸುತ್ತದೆ. ಸುರಿಸಲಾಗದೆ ಸೋತರೆ ಅದೇ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ.

ಇದು ದೇಹ ಮಾಡಿದ ತಪ್ಪಲ್ಲ. ತಾಯಿಯ ಸ್ನಾಯುಗಳು ಸಕ್ಕರೆಯನ್ನು ಬೇಗ ಬಾಚಿಕೊಂಡರೆ ಮಗುವಿಗೆ ಉಳಿಯುವುದಿಲ್ಲ ಅಲ್ವಾ? ಅದಕ್ಕೆ ಊಟವಾದ ಮೇಲೆ ಸಕ್ಕರೆ ರಕ್ತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವಂತೆ ಮಾಸು ನೋಡಿಕೊಳ್ಳುತ್ತದೆ. ಊಟ ಇಲ್ಲದ ಹೊತ್ತಿನಲ್ಲಿ ಇದು ತಿರುಗುಮುರುಗು. ಮಗು ಹಗಲು ರಾತ್ರಿ ಎನ್ನದೆ ಎಳೆದುಕೊಳ್ಳುತ್ತಲೇ ಇರುವುದರಿಂದ ತಾಯಿಯ ಸಕ್ಕರೆ ಬೇರೆಯವರಿಗಿಂತ ಬೇಗ, ಜಾಸ್ತಿ ಇಳಿಯುತ್ತದೆ. ಉಂಡಾಗ ಎತ್ತರ, ಹಸಿದಾಗ ತಗ್ಗು. ಗರ್ಭಿಣಿಯ ಊಟದ ಹೊತ್ತಿನ ಎಲ್ಲ ಗೊಂದಲವೂ ಈ ಒಂದು ಸಾಲಿನಿಂದ ಹುಟ್ಟುತ್ತದೆ.

ಒಂದು ರಾತ್ರಿಯನ್ನು ಹತ್ತಿರದಿಂದ ನೋಡೋಣ. ನಮ್ಮ ಗರ್ಭಿಣಿ ಏಳೂವರೆಗೆ ಊಟ ಮುಗಿಸಿದ್ದಾಳೆ ಅಂದುಕೊಳ್ಳಿ. ಎಂಟೂವರೆಯ ಸುಮಾರಿಗೆ ರಕ್ತದ ಸಕ್ಕರೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಹನ್ನೆರಡರ ಹೊತ್ತಿಗೆ ಊಟದಿಂದ ಬಂದದ್ದು ಬಹುಮಟ್ಟಿಗೆ ಮುಗಿದು, ಲಿವರ್ ಕೂಡಿಟ್ಟ ಸಕ್ಕರೆಯನ್ನು ಬಿಡಿಸಿ ಕೊಡುತ್ತಿರುತ್ತದೆ. ಮಗು ತೆಗೆದುಕೊಳ್ಳುತ್ತಲೇ ಇದೆ. ಎರಡು ಮೂರು ಗಂಟೆಗೆ ತಾಯಿಯ ಮೈ ತನ್ನ ಖರ್ಚಿಗೆ ಕೊಬ್ಬನ್ನು ಹೆಚ್ಚು ಹೆಚ್ಚು ಬಳಸತೊಡಗುತ್ತದೆ. ಸಿಗುವ ಸಕ್ಕರೆಯನ್ನು ಮಗುವಿಗೆ ಬಿಟ್ಟುಕೊಡುವ ಉಪಾಯ ಅದು. ಕೊಬ್ಬು ಒಡೆದಾಗ ಕೀಟೋನ್ ಎಂಬ ಪದಾರ್ಥ ಹುಟ್ಟುತ್ತದೆ. ನಸುಕಿಗೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರಿ, ಏಳುವ ಹೊತ್ತಿಗೆ ಬೇಕಾಗುವ ಸಕ್ಕರೆಯನ್ನು ಲಿವರ್‌ನಿಂದ ಹೊರಡಿಸುತ್ತದೆ. ಎರಡೂವರೆಯ ಹಸಿವು ಬರೀ ಚಪಲವಲ್ಲ ಅನ್ನುವುದು ಈಗ ಕಾಣಬಹುದು.

ಇದಕ್ಕೆ ಅಮೆರಿಕದ ವೈದ್ಯ ನಾರ್ಬರ್ಟ್ ಫ್ರೈಂಕೆಲ್ ಒಂದು ಹೆಸರಿಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ ‘ಬೇಗ ಬರುವ ಉಪವಾಸ’. ಅವರ ತಂಡ 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಸರಳ. ಕೊನೆಯ ತಿಂಗಳುಗಳ ಗರ್ಭಿಣಿಯರು ಮತ್ತು ಗರ್ಭಿಣಿಯರಲ್ಲದವರು ರಾತ್ರಿ ಊಟ ಮಾಡಿ, ಮಾರನೇ ದಿನ ಬೆಳಗಿನ ತಿಂಡಿ ಬಿಟ್ಟರು. 18 ಗಂಟೆಯವರೆಗೆ ಹೊಟ್ಟೆಗೆ ಏನೂ ಇಲ್ಲ. ಗರ್ಭಿಣಿಯರಲ್ಲಿ ಸಕ್ಕರೆ ಹೆಚ್ಚು ಕುಸಿಯಿತು, ಕೀಟೋನ್ ಹೆಚ್ಚು ಏರಿತು. ಒಂದೇ ಒಂದು ತಿಂಡಿ ತಪ್ಪಿಸಿದ್ದಕ್ಕೆ ಇಷ್ಟು. ಬೆಳಿಗ್ಗೆ ಎದ್ದಾಗ ಸ್ವಲ್ಪ ಕೀಟೋನ್ ಇರುವುದು ಸಹಜವೇ, ಗಾಬರಿ ಬೇಡ. ಆದರೆ ಅದನ್ನು ಎಳೆದಾಡಿ ಮಧ್ಯಾಹ್ನದವರೆಗೆ ಕೊಂಡೊಯ್ಯುವುದು ಬೇಡವಾದ ಪರೀಕ್ಷೆ.

ಹಾಗಾದರೆ ರಾತ್ರಿ ಎಷ್ಟು ಗಂಟೆ ಬಿಡಬೇಕು?

ಗಡಿಯಾರ ರಾತ್ರಿ ಹೊಟ್ಟೆಗೆ ಬಿಡುವು ಕೊಡು ಅನ್ನುತ್ತದೆ. ಮಾಸು ಆ ಬಿಡುವನ್ನು ಉದ್ದ ಮಾಡಬೇಡ ಅನ್ನುತ್ತದೆ. ಇಬ್ಬರ ಮಾತಿಗೂ ಅಳತೆ ಇದೆ.

ಸಿಂಗಪುರದಲ್ಲಿ ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಊಟದ ಹೊತ್ತನ್ನೂ ಆರೇಳು ತಿಂಗಳಲ್ಲಿ ಅವರ ಸಕ್ಕರೆಯ ಮಟ್ಟವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. 2017ರಲ್ಲಿ ಫಲಿತಾಂಶ ಬಂತು. ರಾತ್ರಿಯ ಬಿಡುವು ಒಂದು ಗಂಟೆ ಹೆಚ್ಚಾದಷ್ಟಕ್ಕೂ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಕಡಿಮೆ. ಎಷ್ಟು ಕಡಿಮೆ? ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು ಅರ್ಧ ಮಿಲಿಗ್ರಾಂ. ದಿನದಲ್ಲಿ ತಿನ್ನುವ ಸಲ ಒಂದು ಜಾಸ್ತಿಯಾದರೆ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಮಟ್ಟ ಮೂರು ಮಿಲಿಗ್ರಾಂನಷ್ಟು ಹೆಚ್ಚು. ದಿಕ್ಕು ನಿಜ, ಆದರೆ ಹೆಜ್ಜೆ ಪುಟ್ಟದು. ಇಂಥ ಸಂಖ್ಯೆ ಹಿಡಿದುಕೊಂಡು ಯಾರಾದರೂ ಗರ್ಭಿಣಿಗೆ ‘16 ಗಂಟೆ ಉಪವಾಸ, 8 ಗಂಟೆ ಊಟ’ ಅಂತ ಸಲಹೆ ಕೊಟ್ಟರೆ ಕೇಳಬೇಡಿ. ತೂಕ ಇಳಿಸುವವರಿಗೆಂದು ಹುಟ್ಟಿದ ಆ ಪದ್ಧತಿಗೂ ಬಸುರಿಗೂ ಸಂಬಂಧವಿಲ್ಲ.

ಇನ್ನೊಂದು ಕಡೆಯಿಂದಲೂ ಗೆರೆ ಎಳೆಯಬಹುದು. ಅಮೆರಿಕದಲ್ಲಿ 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ 13 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಏನೂ ತಿನ್ನದೆ ಇರುತ್ತಿದ್ದ ಗರ್ಭಿಣಿಯರ ರಕ್ತದಲ್ಲಿ, ದಿನ ತುಂಬುವ ಮುನ್ನ ಹೆರಿಗೆಯಾಗುವುದರೊಂದಿಗೆ ನಂಟಿರುವ ಹಾರ್ಮೋನೊಂದು ಹೆಚ್ಚು ಕಂಡಿತ್ತು. ಇದರಿಂದಲೇ ಅದು ಆಯಿತು ಎನ್ನಲು ಬರುವುದಿಲ್ಲ. ಆದರೆ ಎಚ್ಚರಿಕೆಯ ಗೆರೆಯಾಗಿ ಸಾಕು.

ನನ್ನ ಲೆಕ್ಕ ಕೇಳಿದರೆ, ರಾತ್ರಿ ಹತ್ತರಿಂದ ಹನ್ನೆರಡು ಗಂಟೆಯ ಬಿಡುವು ಆರೋಗ್ಯವಾಗಿರುವ ಗರ್ಭಿಣಿಗೆ ಎರಡೂ ಕಡೆ ಹೊಂದುತ್ತದೆ. ಏಳೂವರೆಗೆ ಊಟ, ಬೆಳಿಗ್ಗೆ ಏಳಕ್ಕೆ ತಿಂಡಿ. ಇದಕ್ಕೆ ಯಾವ ಹೊಸ ಪದ್ಧತಿಯೂ ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಅಲ್ಲ. ಅವರ ಊಟದ ಹೊತ್ತು ಔಷಧಿಯ ಹೊತ್ತಿಗೆ ಕಟ್ಟಿಕೊಂಡಿರುತ್ತದೆ, ವೈದ್ಯರು ಹೇಳಿದ್ದೇ ಕೊನೆ.

ಬೆಳಗಿನ ತಿಂಡಿಯ ಒಗಟು

ಇಲ್ಲಿ ಒಂದು ತಮಾಷೆಯಿದೆ. ಸಾಮಾನ್ಯವಾಗಿ ಮೈ ಸಕ್ಕರೆಯನ್ನು ಚೆನ್ನಾಗಿ ನಿಭಾಯಿಸುವುದು ಬೆಳಿಗ್ಗೆ ಅನ್ನುತ್ತೇವೆ. ಅದರಿಂದಲೇ ‘ಬೆಳಿಗ್ಗೆ ರಾಜನ ಹಾಗೆ ತಿನ್ನಿ’ ಎಂಬ ಮಾತು ಬಂದಿರುವುದು. ಆದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇರುವವರು ದಿನವೂ ಬೆರಳು ಚುಚ್ಚಿ ನೋಡಿಕೊಂಡಾಗ ಅತಿ ಕಷ್ಟಪಟ್ಟು ಹತೋಟಿಗೆ ಬರುವುದು ಬೆಳಗಿನ ತಿಂಡಿಯ ನಂತರದ ಸಂಖ್ಯೆಯೇ.

ಹೀಗೆ ಊಹಿಸಿಕೊಳ್ಳಿ. ಒಬ್ಬಾಕೆ ಬೆಳಿಗ್ಗೆ ಎಂಟಕ್ಕೆ ಎರಡು ತುಂಡು ಬ್ರೆಡ್ಡು, ಒಂದು ಬಾಳೆಹಣ್ಣು ತಿಂದಳು. ಒಂದು ಗಂಟೆಯ ನಂತರ ಬೆರಳು ಚುಚ್ಚಿದರೆ 155. ಇರಬೇಕಾದ್ದು 140ರ ಒಳಗೆ. ಮಾರನೇ ದಿನ ಅದೇ ಬ್ರೆಡ್ಡು, ಅದೇ ಬಾಳೆಹಣ್ಣನ್ನು ಮಧ್ಯಾಹ್ನ ಒಂದಕ್ಕೆ ತಿಂದಳು. 130. ಮೀಟರ್ ಕೆಟ್ಟಿದೆಯೇನೋ ಅಂತ ಅನ್ನಿಸುತ್ತದೆ. ಕೆಟ್ಟಿಲ್ಲ.

ನಸುಕಿನಲ್ಲಿ ಏರುವ ಕಾರ್ಟಿಸಾಲ್ ಮತ್ತು ರಾತ್ರಿಯ ಬೆಳವಣಿಗೆ ಹಾರ್ಮೋನ್ ಇನ್ಸುಲಿನ್ನಿಗೆ ಎದುರು ಕೆಲಸ ಮಾಡುತ್ತವೆ. ರಾತ್ರಿಯಿಡೀ ಕೊಬ್ಬು ಕರಗಿ ರಕ್ತಕ್ಕೆ ಬಂದ ಕೊಬ್ಬಿನಾಮ್ಲಗಳೂ ಅಷ್ಟೇ, ಸ್ನಾಯು ಸಕ್ಕರೆ ಎಳೆದುಕೊಳ್ಳದಂತೆ ತಡೆಯುತ್ತವೆ. ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್ ಬೆಳಿಗ್ಗೆ ಚುರುಕಾಗಿರುವುದರಿಂದ ಇದನ್ನೆಲ್ಲ ಹೊಡೆದುರುಳಿಸುತ್ತದೆ. ಆಗಲೇ ದುಪ್ಪಟ್ಟು ದುಡಿಯುತ್ತಿರುವ ಗರ್ಭಿಣಿಯ ಪ್ಯಾಂಕ್ರಿಯಾಸ್‌ಗೆ ಕೆಲವೊಮ್ಮೆ ಅದು ಆಗುವುದಿಲ್ಲ. ತಿಂಡಿ ತಿಂದ ಮೇಲೆ ಇನ್ಸುಲಿನ್ ಬಂದು ಆ ಕೊಬ್ಬಿನಾಮ್ಲಗಳನ್ನು ತಗ್ಗಿಸುತ್ತದೆ, ದಾರಿ ತೆರವಾಗುತ್ತದೆ. ಅದರ ಲಾಭ ಸಿಗುವುದು ಮಧ್ಯಾಹ್ನದ ಊಟಕ್ಕೆ. ಮೊದಲ ಊಟ ಎರಡನೆಯದಕ್ಕೆ ದಾರಿ ಗುಡಿಸಿ ಕೊಡುತ್ತದೆ ಅನ್ನಬಹುದು. ತಿಂಡಿಯನ್ನೇ ಬಿಟ್ಟರೆ ಮಧ್ಯಾಹ್ನದ ಊಟ ಆ ಏಟು ತಿನ್ನುತ್ತದೆ.

ಆದ್ದರಿಂದ ಶುಗರ್ ಇರುವ ಗರ್ಭಿಣಿಗೆ ತಿಂಡಿ ಬಿಡಬೇಡಿ, ಆದರೆ ಅದರಲ್ಲಿ ಹಿಟ್ಟು ಸಕ್ಕರೆಯ ಪಾಲು ಕಡಿಮೆ ಮಾಡಿ, ಮೊಟ್ಟೆ, ಮೊಸರು, ಕಾಳಿನಂಥ ಪ್ರೋಟೀನ್ ಸೇರಿಸಿ ಎಂದು ಹೇಳುವುದು. ಉಳಿದದ್ದನ್ನು ಹತ್ತೂವರೆಗೆ ಇನ್ನೊಂದು ಸಣ್ಣ ತಿಂಡಿಯಾಗಿ ತಿನ್ನಬಹುದು. ಶುಗರ್ ಇಲ್ಲದವರಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಅಂದಹಾಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಹೀಗೆ: ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಉಂಡ ಒಂದು ಗಂಟೆಗೆ 140ರ ಒಳಗೆ, ಅಥವಾ ಎರಡು ಗಂಟೆಗೆ 120ರ ಒಳಗೆ.

24ರಿಂದ 28ನೇ ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳುವುದರಲ್ಲೂ ಗಡಿಯಾರದ ಪಾತ್ರವಿದೆ. ಅದೇ ಮೈಗೆ ಅದೇ ಗ್ಲೂಕೋಸನ್ನು ಸಂಜೆ ಕುಡಿಸಿದರೆ ಸಂಖ್ಯೆ ಬೇರೆ ಬರುತ್ತದೆ. ಎಲ್ಲರನ್ನೂ ಒಂದೇ ಹೊತ್ತಿಗೆ ಅಳೆದರೆ ಮಾತ್ರ ಹೋಲಿಸಲು ಆಗುವುದು. ಹಿಂದಿನ ರಾತ್ರಿ ತಡವಾಗಿ ಉಂಡು ಹೋಗಬೇಡಿ. ಹಾಗೆಯೇ ‘ರಿಸಲ್ಟ್ ಚೆನ್ನಾಗಿ ಬರಲಿ’ ಅಂತ ಹಿಂದಿನ ಸಂಜೆಯಿಂದಲೇ ಉಪವಾಸ ಕೂರುವುದೂ ಬೇಡ. ಎಂಟು ಗಂಟೆಗೆ ಕಡಿಮೆಯಿಲ್ಲದ, 14 ಗಂಟೆ ಮೀರದ ಬಿಡುವು ಸಾಕು.

ಕತ್ತಲಲ್ಲಿರುವ ಮಗುವಿಗೆ ಹೊತ್ತು ಗೊತ್ತಾಗುವುದು ಹೇಗೆ?

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

18ನೇ ವಾರದ ಹೊತ್ತಿಗೆ ಮಗುವಿನ ಮಿದುಳಿನಲ್ಲೂ ಆ ಗಡಿಯಾರದ ಗುಂಪು ಕಾಣಿಸಿಕೊಂಡಿರುತ್ತದೆ. ಮೆಲಟೋನಿನ್ ಹಿಡಿಯುವ ಜಾಗಗಳೂ ಅದರಲ್ಲಿ ಇರುತ್ತವೆ. ಆದರೆ ಒಳಗೆ ಬೆಳಗೂ ಇಲ್ಲ ಬೈಗೂ ಇಲ್ಲ. ಹೊತ್ತು ಹೇಳುವವಳು ತಾಯಿ. ಅವಳ ಮೆಲಟೋನಿನ್ ಮಾಸನ್ನು ಯಾವ ಅಡ್ಡಿಯೂ ಇಲ್ಲದೆ ದಾಟುತ್ತದೆ. ತಿಂಗಳು ತುಂಬಿದಂತೆ ರಾತ್ರಿಯ ಮೆಲಟೋನಿನ್ ಹೆಚ್ಚುತ್ತ ಹೋಗುತ್ತದೆ. ಕಾರ್ಟಿಸಾಲ್‌ಗೆ ಅಷ್ಟು ಸಲೀಸಿಲ್ಲ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಹೆಚ್ಚಿನ ಪಾಲನ್ನು ದಾರಿಯಲ್ಲೇ ನಿಷ್ಕ್ರಿಯ ಮಾಡುತ್ತದೆ. ಇವುಗಳ ಜೊತೆಗೆ ತಾಯಿಯ ಮೈ ಬಿಸಿಯ ಏರಿಳಿತ, ಓಡಾಟ, ಉಂಡಾಗ ಬರುವ ಸಕ್ಕರೆಯ ಅಲೆ.

ಊಟ ನಿಜಕ್ಕೂ ಹೊತ್ತು ಹೇಳಬಲ್ಲದೇ? ಸ್ಟೀವನ್ ರೆಪರ್ಟ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಬಸುರಿ ಇಲಿಯ ಮಿದುಳಿನ ಗಡಿಯಾರವನ್ನು ತೆಗೆದುಹಾಕಿದರೆ ಹುಟ್ಟುವ ಮರಿಗಳ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಮನೆಯ ಎಲ್ಲ ಗಡಿಯಾರಗಳೂ ಬೇರೆ ಬೇರೆ ಗಂಟೆ ತೋರಿಸಿದ ಹಾಗೆ. ಆಮೇಲೆ ಅಂಥ ತಾಯಿ ಇಲಿಗೆ ದಿನವೂ ಒಂದೇ ಹೊತ್ತಿಗೆ ಮಾತ್ರ ಆಹಾರ ಇಟ್ಟರು. ಮರಿಗಳ ಗಡಿಯಾರಗಳು ಮತ್ತೆ ಒಂದೇ ತಾಳಕ್ಕೆ ಬಂದವು. ಮಿದುಳಿನ ಗಡಿಯಾರವೇ ಇಲ್ಲದ ತಾಯಿ, ಬರೀ ಊಟದ ಹೊತ್ತಿನಿಂದ ಮರಿಗಳಿಗೆ ಸಮಯ ಮುಟ್ಟಿಸಿದ್ದಳು.

ಇಲಿಯ ಮಾತನ್ನು ಹಾಗೇ ಮನುಷ್ಯರಿಗೆ ಹಚ್ಚಲಾಗದು. ಗಡಿಯಾರ ಸರಿಯಿರುವ ತಾಯಿಯಲ್ಲಿ ಊಟ ಹತ್ತು ಸೂಚನೆಗಳಲ್ಲಿ ಒಂದು. ಒಂದು ದಿನ ಮದುವೆ ಮನೆಯಲ್ಲಿ ಹನ್ನೊಂದಕ್ಕೆ ಉಂಡರೆ ಮಗುವಿಗೆ ಏನೂ ಆಗುವುದಿಲ್ಲ. ಆದರೆ ವಾರವಿಡೀ ಒಂದೊಂದು ದಿನ ಒಂದೊಂದು ಹೊತ್ತು ಅನ್ನುವುದಕ್ಕಿಂತ, ಆದಷ್ಟೂ ದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಉಣ್ಣುವುದಕ್ಕೆ ಇದಕ್ಕಿಂತ ಚೆಂದದ ಕಾರಣ ನನಗೆ ಸಿಕ್ಕಿಲ್ಲ.

ಹೆರಿಗೆಯಾದ ಕೂಡಲೇ ಈ ಸಂಪರ್ಕ ಕಡಿದುಹೋಗುತ್ತದೆ. ಮಗುವಿನ ಸ್ವಂತ ಮೆಲಟೋನಿನ್ನಿಗೆ ಲಯ ಬರಲು ಸುಮಾರು ಮೂರು ತಿಂಗಳು ಬೇಕು. ಹಗಲು ನಿದ್ದೆ ರಾತ್ರಿ ಜಾಗರಣೆ ಇರುವುದು ಅಲ್ಲಿಯವರೆಗೆ. ರಾತ್ರಿಯ ಎದೆಹಾಲಿನಲ್ಲಿ ಮಾತ್ರ ಸ್ವಲ್ಪ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೆರಿಗೆಗೂ ಹೊತ್ತಿದೆ. ಇಂಗ್ಲೆಂಡಿನ 50 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ 2018ರ ವರದಿಯೊಂದರ ಪ್ರಕಾರ, ನೋವು ತಾನಾಗಿ ಬಂದು ಆಗುವ ಹೆರಿಗೆಗಳು ಹೆಚ್ಚು ನಡೆಯುವುದು ನಸುಕಿನ ನಾಲ್ಕರ ಸುಮಾರಿಗೆ.

ನಿಯಮ ಮುರಿಯಬೇಕಾದ ದಿನಗಳು

ಮೊದಲ ಮೂರು ತಿಂಗಳು ಇದ್ಯಾವುದೂ ಲೆಕ್ಕಕ್ಕಿಲ್ಲ. ಆರನೇ ವಾರದ ಸುಮಾರಿಗೆ ವಾಕರಿಕೆ ಶುರುವಾಗಿ, ಬಹಳಷ್ಟು ಜನರಿಗೆ 12ರಿಂದ 16ನೇ ವಾರದೊಳಗೆ ಇಳಿಯುತ್ತದೆ. ಬೆಳಗಿನ ವಾಕರಿಕೆ ಅನ್ನುವುದು ಹೆಸರಿಗೆ ಮಾತ್ರ, ಅದು ಸಂಜೆಯೂ ಬರುತ್ತದೆ, ದಿನವಿಡೀ ಇರುವುದೂ ಉಂಟು. ಮಗು ಮತ್ತು ಮಾಸಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನ್ ಇದರ ಹಿಂದಿದೆ ಅನ್ನುವುದು 2023ರಲ್ಲಿ ಗಟ್ಟಿಯಾಯಿತು. ಹೊಟ್ಟೆ ಪೂರ್ತಿ ಖಾಲಿಯಾದರೆ ವಾಕರಿಕೆ ಹೆಚ್ಚುತ್ತದೆ. ಹಾಗಾಗಿ ಯಾವಾಗ ಏನು ಒಳಗೆ ಉಳಿಯುತ್ತದೋ ಆಗ ಅದನ್ನು ತಿನ್ನಿ. ಹಾಸಿಗೆ ಪಕ್ಕ ಒಣ ಬಿಸ್ಕತ್ತು ಇಟ್ಟುಕೊಂಡು ಏಳುವ ಮುಂಚೆ ಒಂದೆರಡು ತಿನ್ನುವುದು ಹಲವರಿಗೆ ಕೆಲಸ ಮಾಡುತ್ತದೆ. ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ರಾತ್ರಿ ಪಾಳಿಯವರದು ನಿಜವಾದ ಕಷ್ಟ. ಡೆನ್ಮಾರ್ಕಿನಲ್ಲಿ ಸುಮಾರು 22,700 ಗರ್ಭಿಣಿಯರ ದಾಖಲೆ ನೋಡಿದ 2019ರ ಅಧ್ಯಯನದಲ್ಲಿ, ಎಂಟನೇ ವಾರದ ನಂತರ ಒಂದು ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದವರಿಗೆ ಮುಂದಿನ ವಾರ ಗರ್ಭಪಾತದ ಅಪಾಯ ಶೇ. 32ರಷ್ಟು ಹೆಚ್ಚು ಕಂಡಿತ್ತು. ಆ ಹಂತದಲ್ಲಿ ಮೂಲ ಅಪಾಯವೇ ಚಿಕ್ಕದು ಅನ್ನುವುದನ್ನೂ ಜೊತೆಗೇ ನೆನಪಿಡಬೇಕು. ಪಾಳಿ ಬದಲಿಸಿಕೊಳ್ಳಲು ಆದರೆ ಕೇಳಿ ನೋಡಿ, ವೈದ್ಯರ ಚೀಟಿ ನೆರವಾಗಬಹುದು. ಆಗದಿದ್ದರೆ ದೊಡ್ಡ ಊಟವನ್ನು ಪಾಳಿಗೆ ಹೋಗುವ ಮುಂಚೆಯೇ ಮುಗಿಸಿ. ನಡುರಾತ್ರಿಯಿಂದ ಬೆಳಗಿನವರೆಗೆ ಸಣ್ಣ ಪ್ರಮಾಣದಲ್ಲಿ, ಸಿಹಿ ಕಡಿಮೆ ಇರುವುದನ್ನು ತಿನ್ನಿ. ಮನೆಗೆ ಬಂದು ಹಸಿದು ಮಲಗಬೇಡಿ, ಹಗುರಾಗಿ ಏನಾದರೂ ತಿಂದೇ ಮಲಗಿ.

ಇನ್ನು ಕಾಫಿ. ಗರ್ಭಿಣಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮಿತಿ ಅನ್ನುವುದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು, ಲಿವರ್ ಅದನ್ನು ಹೊರಹಾಕುವ ವೇಗ ತಿಂಗಳು ತುಂಬಿದಂತೆ ತೀರಾ ಇಳಿಯುತ್ತದೆ ಎಂಬುದು. ಕೊನೆಯ ತಿಂಗಳುಗಳಲ್ಲಿ ಕೆಫೀನ್ ಮೊದಲಿಗಿಂತ ಸುಮಾರು ಮೂರು ಪಟ್ಟು ಹೊತ್ತು ಮೈಯಲ್ಲಿ ಉಳಿಯುತ್ತದೆ. ಮಧ್ಯಾಹ್ನ ನಾಲ್ಕರ ಕಾಫಿ ನಡುರಾತ್ರಿಯಲ್ಲೂ ಎಚ್ಚರವಾಗಿರುತ್ತದೆ. ಕುಡಿಯುವುದಿದ್ದರೆ ಬೆಳಿಗ್ಗೆಯೇ ಕುಡಿದು ಮುಗಿಸಿ. ಆದರೆ ಕಬ್ಬಿಣದ ಮಾತ್ರೆಯ ಜೊತೆಗೆ ಬೇಡ. ಕಬ್ಬಿಣ ಒಳಗೆ ಹೋಗದಂತೆ ಕದ ಹಾಕುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಬೆಳಿಗ್ಗೆ ಕಡಿಮೆಯಿದ್ದು ಹೊತ್ತೇರಿದಂತೆ ಹೆಚ್ಚುತ್ತದೆ. ಆದ್ದರಿಂದ ಮಾತ್ರೆಗೆ ಬೆಳಿಗ್ಗೆ ಒಳ್ಳೆಯ ಹೊತ್ತು. ಕಾಫಿ, ಚಹಾ ಅದನ್ನು ಹಿಡಿದುಕೊಂಡುಬಿಡುತ್ತವೆ. ಒಂದೆರಡು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಮಾತ್ರೆಗೂ ಅಷ್ಟೇ. ಬೆಳಿಗ್ಗೆ ಕಬ್ಬಿಣ ನುಂಗಿದರೆ ವಾಂತಿಯಾಗುತ್ತದೆ ಅನ್ನುವವರು ರಾತ್ರಿ ತೆಗೆದುಕೊಳ್ಳಲಿ. ತಪ್ಪಿದ ಮಾತ್ರೆಗಿಂತ ಹೊತ್ತು ತಪ್ಪಿದ ಮಾತ್ರೆ ವಾಸಿ.

ಈಗ ಫ್ರಿಜ್ಜಿನ ಮುಂದೆ ನಿಂತವಳ ಹತ್ತಿರ ವಾಪಸ್ ಬರೋಣ. ಏಳೂವರೆಗೆ ಉಂಡಿದ್ದಳು, ಏಳು ಗಂಟೆ ಕಳೆದಿದೆ, ಬೆಳಗಿನ ತಿಂಡಿಗೆ ಇನ್ನೂ ನಾಲ್ಕೂವರೆ ಗಂಟೆ. ಹಸಿವು ನಿಜವಾದದ್ದು. ತಿನ್ನಲಿ. ಒಂದು ಲೋಟ ಹಾಲು, ಇಲ್ಲವೇ ಒಂದು ಹಿಡಿ ಬಾದಾಮಿಯೋ ಕಡಲೆಕಾಯಿಯೋ ಸಾಕು. ಸಿಹಿ ತಿಂಡಿಯ ಡಬ್ಬಿ ಮಾತ್ರ ಈ ಹೊತ್ತಿಗೆ ಬೇಡ, ಮೆಲಟೋನಿನ್ ತುಂಬಿರುವ ರಕ್ತದಲ್ಲಿ ಆ ಸಕ್ಕರೆ ಬೇಗ ಇಳಿಯುವುದಿಲ್ಲ. ಒಂದು ದಿನ ಹೀಗಾದರೆ ಯೋಚನೆಯೇ ಬೇಡ. ದಿನವೂ ಎರಡೂವರೆಗೆ ಹಸಿವು ಎಬ್ಬಿಸುತ್ತಿದ್ದರೆ ಹಗಲಿನ ಊಟ ಸಾಲುತ್ತಿಲ್ಲ ಅಂತ ಅರ್ಥ. ಸಂಜೆ ನಾಲ್ಕಕ್ಕೆ ಗಟ್ಟಿಯಾದ ತಿಂಡಿಯೊಂದನ್ನು ಸೇರಿಸಿ, ರಾತ್ರಿಯ ತಟ್ಟೆಯಲ್ಲಿ ಪ್ರೋಟೀನ್ ಸ್ವಲ್ಪ ಹೆಚ್ಚಿಸಿ ನಾಲ್ಕು ದಿನ ನೋಡಬಹುದು.

ಅಡುಗೆಮನೆಯ ದೊಡ್ಡ ಲೈಟು ಹಾಕುವುದು ಬೇಡ. ಮೊಬೈಲೂ ಬೇಡ. ಆ ಹೊತ್ತಿನ ಬೆಳಕು ಮೆಲಟೋನಿನ್ನನ್ನು ಅಲ್ಲೇ ತಗ್ಗಿಸುತ್ತದೆ, ಮಗುವಿಗೆ ಹೋಗುತ್ತಿದ್ದ ರಾತ್ರಿಯ ಸುದ್ದಿಯೂ ಕ್ಷೀಣವಾಗುತ್ತದೆ. ಫ್ರಿಜ್ಜಿನ ಬಲ್ಬಿನ ಬೆಳಕೇ ಸಾಕು. ಕುಡಿದ ಕೂಡಲೇ ಅಡ್ಡಾದರೆ ಎದೆಯುರಿ ಬರುತ್ತದೆ, ಅನ್ನನಾಳದ ಬಾಯಿ ಈ ತಿಂಗಳುಗಳಲ್ಲಿ ಸಡಿಲವಾಗಿರುತ್ತದೆ. ಸ್ವಲ್ಪ ಹೊತ್ತು ದಿಂಬಿಗೆ ಒರಗಿ ಕೂತಿದ್ದು, ಆಮೇಲೆ ಎಡ ಮಗ್ಗುಲಿಗೆ ತಿರುಗಿ ಮಲಗಲಿ.